ಖಿನ್ನತೆಯೋ, ಬೈಪೋಲಾರ್ ಕಾಯಿಲೆಯೋ? ವ್ಯತ್ಯಾಸ ಅರಿಯುವುದು ಏಕೆ ಅಗತ್ಯ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ವಿದ್ಯಾರ್ಥಿವೇತನ ವಿತರಣೆ, ಪ್ರತಿಭಾ ಪುರಸ್ಕಾರ ನಡೆಯುವ ಈ ವೇದಿಕೆಯಲ್ಲಿ ಕಾಯಿಲೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಅದಕ್ಕೆ ಕಾರಣವಿದೆ. ನಾನು ಹೇಳಹೊರಟಿರುವ ಎರಡು ಕಾಯಿಲೆಗಳಲ್ಲಿ ಒಂದಾದ ಬೈಪೋಲಾರ್ ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಖಿನ್ನತೆ ಯಾವ ವಯಸ್ಸಿನಲ್ಲಾದರೂ ಬರಬಹುದು. ಆದರೆ ಹಲವರಲ್ಲಿ ಅದೂ ಓದುವ ವಯಸ್ಸಿನಲ್ಲೇ ಶುರುವಾಗುತ್ತದೆ. ಪಿ.ಯು.ಸಿ., ಡಿಗ್ರಿ, ಮೊದಲ ನೌಕರಿ, ಮದುವೆಯ ಮಾತುಕತೆ ಎಲ್ಲವೂ ಬರುವ ಕಾಲ ಅದು. ಆಗ ಕಾಯಿಲೆಯನ್ನು ಸರಿಯಾಗಿ ಗುರುತಿಸಿದರೆ ಓದು ಉಳಿಯುತ್ತದೆ, ಬದುಕು ಉಳಿಯುತ್ತದೆ. ತಪ್ಪಾಗಿ ಗುರುತಿಸಿದರೆ ವರ್ಷಗಳೇ ವ್ಯರ್ಥವಾಗುತ್ತವೆ. ಕೆಲವೊಮ್ಮೆ ಜೀವಕ್ಕೇ ಅಪಾಯ ಬರುತ್ತದೆ.

ಇತ್ತೀಚಿನ ವರ್ಷಗಳಲ್ಲಿ "ಡಿಪ್ರೆಶನ್" ಎಂಬ ಪದ ಮನೆಮನೆಯ ಮಾತಾಗಿದೆ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತಮಗೆ ಖಿನ್ನತೆ ಇತ್ತೆಂದು ಬಹಿರಂಗವಾಗಿ ಹೇಳಿಕೊಂಡ ಮೇಲಂತೂ ಅನೇಕರು ಧೈರ್ಯವಾಗಿ ಈ ಬಗ್ಗೆ ಮಾತನಾಡುತ್ತಿದ್ದಾರೆ. ಇದು ಒಳ್ಳೆಯ ಬೆಳವಣಿಗೆ. ಆದರೆ ಇದರೊಂದಿಗೆ ಒಂದು ಗೊಂದಲವೂ ಬೆಳೆದಿದೆ. ಮನಸ್ಸು ಕುಗ್ಗಿದವರಿಗೆಲ್ಲ ಒಂದೇ ಕಾಯಿಲೆ, ಎಲ್ಲರಿಗೂ ಒಂದೇ ಮಾತ್ರೆ ಎಂದು ಜನ ತಿಳಿಯುತ್ತಾರೆ. ಹಾಗಿಲ್ಲ ಎಂಬುದನ್ನು ವಿವರಿಸುವುದೇ ನನ್ನ ಇಂದಿನ ಉದ್ದೇಶ.

ಬೇಸರ ಬೇರೆ, ಖಿನ್ನತೆ ಬೇರೆ

ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಬೇಸರವಾಗುತ್ತದೆ. ಆತ್ಮೀಯರು ತೀರಿಕೊಂಡರೆ ದುಃಖ ಬರುತ್ತದೆ. ಇದು ಕಾಯಿಲೆಯಲ್ಲ. ನಾಲ್ಕು ದಿನ ಕಳೆದು, ಹತ್ತು ಜನರೊಡನೆ ಬೆರೆತು, ಸಮಾಧಾನದ ಮಾತು ಕೇಳಿದರೆ ಬೇಸರ ನಿಧಾನವಾಗಿ ಇಳಿಯುತ್ತದೆ.

ಖಿನ್ನತೆ ಹಾಗಲ್ಲ. ಕನಿಷ್ಠ ಎರಡು ವಾರಗಳ ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಅಥವಾ ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿಯೇ ಇಲ್ಲದಿರುವುದು ಇದರ ಮುಖ್ಯ ಲಕ್ಷಣ. ಜೊತೆಗೆ ನಿದ್ರೆ ಕೆಡುತ್ತದೆ. ಕೆಲವರು ಬೆಳಗಿನ ಜಾವ ಮೂರು ಗಂಟೆಗೇ ಎದ್ದು ಕೂರುತ್ತಾರೆ, ಕೆಲವರು ದಿನವಿಡೀ ಮಲಗುತ್ತಾರೆ. ಹಸಿವು ಕಡಿಮೆಯಾಗುತ್ತದೆ ಅಥವಾ ಹೆಚ್ಚುತ್ತದೆ. ಮೈಯಲ್ಲಿ ಶಕ್ತಿಯೇ ಇಲ್ಲವೆನಿಸುತ್ತದೆ. ಪುಸ್ತಕ ಹಿಡಿದರೆ ಒಂದು ಪುಟ ತಲೆಗೆ ಹೋಗುವುದಿಲ್ಲ. ನಾನು ಯಾವುದಕ್ಕೂ ಪ್ರಯೋಜನವಿಲ್ಲದವನು, ಮನೆಯವರಿಗೆ ಹೊರೆ ಎಂಬ ಭಾವನೆ ಬರುತ್ತದೆ. ಸಾಯಬೇಕೆಂಬ ಯೋಚನೆಯೂ ಬರಬಹುದು.

ನಮ್ಮ ಕಡೆ ಅನೇಕರು "ಮನಸ್ಸಿಗೆ ಬೇಸರ" ಎಂದು ಹೇಳುವುದೇ ಇಲ್ಲ. ತಲೆನೋವು, ಎದೆ ಭಾರ, ಮೈಕೈ ನೋವು, ಹೊಟ್ಟೆ ಉರಿ ಎಂದು ಹೇಳಿ ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರ ಬಳಿಗೆ ಅಲೆಯುತ್ತಾರೆ. ಎಲ್ಲ ಪರೀಕ್ಷೆಗಳೂ ಸರಿಯಾಗಿ ಬಂದಾಗ "ಏನೂ ಇಲ್ಲ, ನಾಟಕ" ಎಂಬ ಮಾತು ಕೇಳಬೇಕಾಗುತ್ತದೆ. ಆ ಮಾತು ರೋಗಿಯನ್ನು ಇನ್ನಷ್ಟು ಕುಗ್ಗಿಸುತ್ತದೆ.

ಉನ್ಮಾದ ಎಂಬ ಇನ್ನೊಂದು ಮುಖ

ಈಗ ಎರಡನೆಯ ಕಾಯಿಲೆಗೆ ಬರೋಣ. ಬೈಪೋಲಾರ್ ಎಂದರೆ ಎರಡು ಧ್ರುವಗಳುಳ್ಳದ್ದು ಎಂದರ್ಥ. ಭೂಮಿಗೆ ಉತ್ತರ ಧ್ರುವ, ದಕ್ಷಿಣ ಧ್ರುವ ಇರುವಂತೆ ಈ ಕಾಯಿಲೆಗೆ ಎರಡು ತುದಿಗಳಿವೆ. ಒಂದು ತುದಿ ಖಿನ್ನತೆ. ಇನ್ನೊಂದು ತುದಿ ಉನ್ಮಾದ. ವೈದ್ಯರು ಇದನ್ನು ಮೇನಿಯಾ ಎನ್ನುತ್ತಾರೆ. ಕನ್ನಡದಲ್ಲಿ ಈ ಕಾಯಿಲೆಯನ್ನು ದ್ವಿಧ್ರುವ ಮನೋರೋಗ ಎಂದೂ ಬರೆಯುತ್ತಾರೆ.

ಉನ್ಮಾದದಲ್ಲಿ ಎಲ್ಲವೂ ಖಿನ್ನತೆಗೆ ತದ್ವಿರುದ್ಧ. ಮನಸ್ಸು ಅತಿಯಾಗಿ ಉಬ್ಬಿರುತ್ತದೆ, ಇಲ್ಲವೇ ಸಣ್ಣ ಮಾತಿಗೂ ವಿಪರೀತ ಸಿಟ್ಟು ಬರುತ್ತದೆ. ಎರಡು ಮೂರು ಗಂಟೆ ಮಲಗಿದರೂ ಆಯಾಸವೇ ಇರುವುದಿಲ್ಲ. ಮಾತು ನಿಲ್ಲುವುದಿಲ್ಲ. ತಲೆಯಲ್ಲಿ ಯೋಚನೆಗಳು ಒಂದರ ಮೇಲೊಂದು ಓಡುತ್ತವೆ. ನನ್ನಂಥವನು ಇನ್ನೊಬ್ಬನಿಲ್ಲ ಎನಿಸುತ್ತದೆ. ಕೈಯಲ್ಲಿಲ್ಲದ ಹಣವನ್ನೂ ಖರ್ಚು ಮಾಡುತ್ತಾರೆ, ಸಾಲ ಮಾಡಿ ವ್ಯಾಪಾರ ಶುರು ಮಾಡುತ್ತಾರೆ, ಅಡ್ಡಾದಿಡ್ಡಿ ಗಾಡಿ ಓಡಿಸುತ್ತಾರೆ. ಇಂಥ ಸ್ಥಿತಿ ಕನಿಷ್ಠ ಒಂದು ವಾರ ಇದ್ದರೆ, ಅಥವಾ ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ಜೋರಾಗಿದ್ದರೆ, ಅದನ್ನು ಉನ್ಮಾದವೆಂದು ಪರಿಗಣಿಸುತ್ತಾರೆ. ಕೆಲವರಿಗೆ ಭ್ರಮೆಗಳೂ ಉಂಟಾಗುತ್ತವೆ. ತನಗೆ ವಿಶೇಷ ಶಕ್ತಿ ಬಂದಿದೆ, ದೊಡ್ಡ ಕಾರ್ಯಕ್ಕೆ ತಾನು ಆಯ್ಕೆಯಾಗಿದ್ದೇನೆ ಎಂದು ನಂಬುತ್ತಾರೆ.

ಇದರ ಸೌಮ್ಯ ರೂಪವೂ ಇದೆ. ಅದಕ್ಕೆ ಹೈಪೋಮೇನಿಯಾ ಎನ್ನುತ್ತಾರೆ. ಕನಿಷ್ಠ ನಾಲ್ಕು ದಿನ ವ್ಯಕ್ತಿ ಎಂದಿಗಿಂತ ಚುರುಕಾಗಿ, ಹೆಚ್ಚು ಮಾತಾಡುತ್ತಾ, ಕಡಿಮೆ ನಿದ್ರೆ ಮಾಡುತ್ತಾ ಇರುತ್ತಾನೆ; ಆದರೆ ಕೆಲಸ ಕೆಡುವಷ್ಟು ವಿಪರೀತಕ್ಕೆ ಹೋಗುವುದಿಲ್ಲ. ಮನೆಯವರು "ಈಗ ಹುಡುಗ ಚುರುಕಾಗಿದ್ದಾನೆ" ಎಂದು ಸಂತೋಷಪಡುತ್ತಾರೆ. ಗುರುತಿಸಲು ಅತ್ಯಂತ ಕಷ್ಟವಾದ ಸ್ಥಿತಿ ಇದು.

ಪೂರ್ಣ ಉನ್ಮಾದ ಒಮ್ಮೆ ಬಂದಿದ್ದರೂ ಸಾಕು, ಅದನ್ನು ಬೈಪೋಲಾರ್ ಒಂದನೇ ವಿಧ ಎನ್ನುತ್ತಾರೆ. ಹೈಪೋಮೇನಿಯಾ ಮತ್ತು ತೀವ್ರ ಖಿನ್ನತೆ ಎರಡೂ ಬಂದು, ಪೂರ್ಣ ಉನ್ಮಾದ ಬಾರದಿದ್ದರೆ ಅದು ಎರಡನೇ ವಿಧ. ಖಿನ್ನತೆ ಮಾತ್ರ ಬಂದು ಉನ್ಮಾದವಾಗಲೀ ಹೈಪೋಮೇನಿಯಾ ಆಗಲೀ ಎಂದೂ ಬಂದಿರದಿದ್ದರೆ ಅದು ಖಿನ್ನತೆ ಕಾಯಿಲೆ. ವ್ಯತ್ಯಾಸ ಇರುವುದು ಇಲ್ಲೇ.

ಎರಡು ಉದಾಹರಣೆಗಳು

ವಿಷಯ ಸ್ಪಷ್ಟವಾಗಲೆಂದು ಎರಡು ಕಲ್ಪಿತ ಉದಾಹರಣೆ ಕೊಡುತ್ತೇನೆ. ಬಿ.ಎಸ್ಸಿ. ಓದುತ್ತಿರುವ ಒಬ್ಬ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ಒಂದು ತಿಂಗಳಿಂದ ಕಾಲೇಜಿಗೆ ಹೋಗುತ್ತಿಲ್ಲ, ಊಟ ಸೇರುತ್ತಿಲ್ಲ, ಯಾರೊಡನೆಯೂ ಮಾತಿಲ್ಲ, ರಾತ್ರಿ ಅಳುತ್ತಾಳೆ. ಇದಕ್ಕೆ ಮೊದಲು ಅವಳು ಶಾಂತ ಸ್ವಭಾವದ, ಕ್ರಮಬದ್ಧವಾಗಿ ಓದುವ ಹುಡುಗಿ.

ಇನ್ನೊಬ್ಬ ಪಾಲಿಟೆಕ್ನಿಕ್ ವಿದ್ಯಾರ್ಥಿ. ಅವನೂ ಒಂದು ತಿಂಗಳಿಂದ ಕೋಣೆ ಬಿಟ್ಟು ಹೊರಬಂದಿಲ್ಲ. ಅವನಿಗೂ ಊಟ ಬೇಡ, ಮಾತು ಬೇಡ, ಬದುಕು ಬೇಡ. ಇಬ್ಬರನ್ನೂ ಒಂದೇ ದಿನ ವೈದ್ಯರ ಮುಂದೆ ಕೂರಿಸಿದರೆ ಲಕ್ಷಣಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆದರೆ ಆ ಹುಡುಗನ ತಾಯಿ ಒಂದು ಮಾತು ಸೇರಿಸುತ್ತಾರೆ: "ಹೋದ ವರ್ಷ ಇವನು ಹೀಗಿರಲಿಲ್ಲ ಡಾಕ್ಟರೇ. ಹತ್ತು ದಿನ ರಾತ್ರಿಯಿಡೀ ಮಲಗದೆ ಏನೋ ಯಂತ್ರ ಮಾಡುತ್ತೇನೆಂದು ಕೂತಿದ್ದ. ಅಪ್ಪನ ಹಣವನ್ನೆಲ್ಲ ತೆಗೆದು ಸಾಮಾನು ತಂದ. ಬೇಡವೆಂದರೆ ಹೊಡೆಯಲು ಬರುತ್ತಿದ್ದ. ಆಮೇಲೆ ತಾನಾಗಿಯೇ ಸರಿಹೋದ."

ಈ ಒಂದು ಮಾತಿನಿಂದ ಇಡೀ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಹುಡುಗಿಗೆ ಇರುವುದು ಖಿನ್ನತೆ ಇರಬಹುದು. ಹುಡುಗನಿಗೆ ಇರುವುದು ಬಹುಮಟ್ಟಿಗೆ ಬೈಪೋಲಾರ್ ಕಾಯಿಲೆ. ತಾಯಿ ಆ ಮಾತನ್ನು ಹೇಳದಿದ್ದರೆ ವೈದ್ಯರಿಗೆ ಗೊತ್ತಾಗುವ ದಾರಿಯೇ ಇಲ್ಲ. ಈ ಕಾಯಿಲೆಯನ್ನು ಪತ್ತೆ ಮಾಡಲು ರಕ್ತಪರೀಕ್ಷೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಥೈರಾಯ್ಡ್ ಮುಂತಾದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಮಾತ್ರ ಆ ಪರೀಕ್ಷೆಗಳನ್ನು ಮಾಡಿಸುತ್ತಾರೆ. ರೋಗನಿರ್ಣಯ ನಿಂತಿರುವುದು ರೋಗಿ ಮತ್ತು ಮನೆಯವರು ಹೇಳುವ ವಿವರದ ಮೇಲೆ.

ತಪ್ಪು ಆಗುವುದೇಕೆ?

ಬೈಪೋಲಾರ್ ಕಾಯಿಲೆ ಇರುವವರು ಸಾಮಾನ್ಯವಾಗಿ ವೈದ್ಯರ ಬಳಿಗೆ ಬರುವುದು ಖಿನ್ನತೆಯಲ್ಲಿರುವಾಗ. ಉನ್ಮಾದದಲ್ಲಿರುವಾಗ ತನಗೆ ಕಾಯಿಲೆ ಇದೆಯೆಂದು ರೋಗಿಗೆ ಅನಿಸುವುದೇ ಇಲ್ಲ. ಎಂದೂ ಇಲ್ಲದಷ್ಟು ಚೆನ್ನಾಗಿದ್ದೇನೆ ಎಂದೇ ಅವನು ನಂಬಿರುತ್ತಾನೆ. ಅಲ್ಲದೆ ಈ ಕಾಯಿಲೆಯಲ್ಲಿ ಉನ್ಮಾದದ ದಿನಗಳಿಗಿಂತ ಖಿನ್ನತೆಯ ದಿನಗಳೇ ಹೆಚ್ಚು. ಮೊದಲ ಬಾರಿಗೆ ಖಿನ್ನತೆ ಬಂದು, ಹಲವು ವರ್ಷಗಳ ನಂತರ ಉನ್ಮಾದ ಬರುವುದೂ ಉಂಟು. ಆದ್ದರಿಂದ ಸರಿಯಾದ ಹೆಸರು ಸಿಗುವ ಹೊತ್ತಿಗೆ ಅನೇಕರಿಗೆ ವರ್ಷಗಳೇ ಕಳೆದಿರುತ್ತವೆ.

ಖಿನ್ನತೆಯೆಂದು ಕಾಣುವುದರ ಹಿಂದೆ ಬೈಪೋಲಾರ್ ಇರಬಹುದೆಂಬ ಸಂಶಯ ತರುವ ಕೆಲವು ಸುಳಿವುಗಳಿವೆ. ತೀರಾ ಎಳೆಯ ವಯಸ್ಸಿನಲ್ಲಿ ಖಿನ್ನತೆ ಶುರುವಾಗಿರುವುದು. ಮತ್ತೆ ಮತ್ತೆ ಬರುವುದು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬೈಪೋಲಾರ್ ಇರುವುದು. ಖಿನ್ನತೆಯಲ್ಲಿ ಅತಿಯಾಗಿ ಮಲಗುವುದು, ಅತಿಯಾಗಿ ತಿನ್ನುವುದು. ಖಿನ್ನತೆಯ ಮಾತ್ರೆ ಶುರು ಮಾಡಿದ ಕೆಲವೇ ದಿನಗಳಲ್ಲಿ ನಿದ್ರೆ ಬಿಟ್ಟು ವಿಪರೀತ ಚಡಪಡಿಕೆ ಅಥವಾ ಉತ್ಸಾಹ ಬರುವುದು. ತಾಯಂದಿರು ಗಮನಿಸಬೇಕಾದ ಇನ್ನೊಂದು ಸುಳಿವು ಹೆರಿಗೆಯ ನಂತರದ ದಿನಗಳದ್ದು. ಹಳ್ಳಿಗಳಲ್ಲಿ "ಬಾಣಂತಿ ಸನ್ನಿ" ಎಂದು ಕರೆಯುವ ಸ್ಥಿತಿಗೂ ಬೈಪೋಲಾರ್ ಕಾಯಿಲೆಗೂ ನಿಕಟ ಸಂಬಂಧವಿದೆ. ಅದನ್ನು ಗಾಳಿ ಸೋಂಕೆಂದು ಬಿಡಬಾರದು. ತಾಯಿ ಮತ್ತು ಮಗು ಇಬ್ಬರ ಜೀವದ ಪ್ರಶ್ನೆ ಅದು.

ನಮ್ಮ ದೇಶದಲ್ಲಿ ಇವು ಎಷ್ಟರಮಟ್ಟಿಗೆ ಇವೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದರ ಪ್ರಕಾರ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದಾರೆ. ಬೈಪೋಲಾರ್ ಸುಮಾರು 200 ಮಂದಿಗೆ ಒಬ್ಬರಲ್ಲಿ ಕಂಡುಬಂತು. ಬೈಪೋಲಾರ್ ಇರುವವರಲ್ಲಿ 100ಕ್ಕೆ 70 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 200ಕ್ಕೆ ಒಬ್ಬರು ಎಂದರೆ ಒಂದು ದೊಡ್ಡ ಕಾಲೇಜಿನಲ್ಲಿ ಹತ್ತಾರು ಜನ ಆಗುತ್ತಾರೆ ಎಂಬುದನ್ನು ಯೋಚಿಸಿ ನೋಡಿ.

ಇತಿಹಾಸದ ಒಂದಿಷ್ಟು ಮಾತು

ಮನಸ್ಸಿನ ಕಾಯಿಲೆಗಳನ್ನು ಬೇರ್ಪಡಿಸಿ ನೋಡುವ ಪ್ರಯತ್ನ ಹಳೆಯದು. ಇಂದಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ನಗರದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ಕ್ರಿ.ಶ. 934ರಲ್ಲಿ ನಿಧನರಾದರು. ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆಯೂ ಒಂದೇ ಗ್ರಂಥ ಬರೆದ ಅವರು ದುಃಖದಲ್ಲಿ ಎರಡು ಬಗೆ ಗುರುತಿಸಿದ್ದರು. ಕಾರಣ ಗೊತ್ತಿರುವ ದುಃಖ ಒಂದು. ಕಾರಣವೇ ಕಾಣದೆ, ದೇಹದ ಏರುಪೇರಿನಿಂದ ಹುಟ್ಟುವ ದುಃಖ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಉಪಚಾರ ಬೇಕೆಂದರು. ಒಂದು ಸಾವಿರ ವರ್ಷಗಳ ಹಿಂದೆಯೇ ಮನೋವ್ಯಾಧಿಯನ್ನು ನಾಚಿಕೆಯ ವಿಷಯವೆಂದು ಬಗೆಯದೆ ವಿಚಾರ ಮಾಡಿದವರಿದ್ದರು ಎಂಬುದು ನಮಗೆ ನೆನಪಿರಬೇಕು.

ಆಧುನಿಕ ಕಾಲದಲ್ಲಿ, 1850ರ ದಶಕದಲ್ಲಿ ಫ್ರಾನ್ಸಿನ ಫಾಲ್ರೆ ಮತ್ತು ಬೈಯಾರ್ಜೆ ಎಂಬ ಇಬ್ಬರು ವೈದ್ಯರು ಉನ್ಮಾದ ಮತ್ತು ಖಿನ್ನತೆ ಒಬ್ಬರಲ್ಲೇ ಸರದಿಯಂತೆ ಬರುವ ಕಾಯಿಲೆಯನ್ನು ವಿವರಿಸಿದರು. ಜರ್ಮನಿಯ ಎಮಿಲ್ ಕ್ರೆಪೆಲಿನ್ 1899ರಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿ ಮ್ಯಾನಿಕ್ ಡಿಪ್ರೆಸಿವ್ ಎಂಬ ಒಂದೇ ಹೆಸರಿನಡಿ ತಂದರು. ಎರಡು ತುದಿ ಇರುವ ಕಾಯಿಲೆ ಬೇರೆ, ಒಂದೇ ತುದಿ ಇರುವ ಕಾಯಿಲೆ ಬೇರೆ ಎಂದು 1957ರಲ್ಲಿ ವಿಂಗಡಿಸಿದವರು ಅದೇ ದೇಶದ ಕಾರ್ಲ್ ಲಿಯೋನ್‌ಹಾರ್ಡ್. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಬೈಪೋಲಾರ್ ಎಂಬ ಹೆಸರು ಸ್ಥಾನ ಪಡೆಯಿತು. ಅಂದರೆ ತಜ್ಞರಿಗೇ ಈ ವ್ಯತ್ಯಾಸ ಸ್ಪಷ್ಟವಾಗಲು ಬಹಳ ಕಾಲ ಹಿಡಿದಿದೆ. ಮನೆಯವರಿಗೆ ಒಮ್ಮೆಲೇ ತಿಳಿಯದಿದ್ದರೆ ಆಶ್ಚರ್ಯವಿಲ್ಲ.

ಚಿಕಿತ್ಸೆ ಬೇರೆ ಬೇರೆ

ಹೆಸರು ಯಾವುದಾದರೇನು, ಗುಣವಾದರೆ ಸಾಕಲ್ಲ ಎಂದು ನೀವು ಕೇಳಬಹುದು. ಹೆಸರು ಮುಖ್ಯವಾಗುವುದು ಚಿಕಿತ್ಸೆಗಾಗಿಯೇ.

ಸೌಮ್ಯ ಖಿನ್ನತೆಗೆ ಅನೇಕ ವೇಳೆ ಆಪ್ತಸಮಾಲೋಚನೆಯೇ ಸಾಕು. ತೀವ್ರವಾದಾಗ ಖಿನ್ನತೆ ನಿವಾರಕ ಮಾತ್ರೆಗಳನ್ನು ಕೊಡುತ್ತಾರೆ. ಇವು ನಿದ್ರೆ ಮಾತ್ರೆಗಳಲ್ಲ, ಚಟ ಹಿಡಿಸುವುದೂ ಇಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡುತ್ತಾ ನಿಲ್ಲಿಸಬೇಕು.

ಬೈಪೋಲಾರ್ ಇರುವವರಿಗೆ ಅದೇ ಖಿನ್ನತೆ ನಿವಾರಕವನ್ನು ಒಂಟಿಯಾಗಿ ಕೊಟ್ಟರೆ ಕೆಲವರಲ್ಲಿ ಮನಸ್ಸು ಖಿನ್ನತೆಯಿಂದ ನೇರವಾಗಿ ಉನ್ಮಾದಕ್ಕೆ ಜಿಗಿಯುತ್ತದೆ. ಇದೇ ದೊಡ್ಡ ಅಪಾಯ. ಅವರಿಗೆ ಮೊದಲು ಬೇಕಾದುದು ಮನಸ್ಸಿನ ಏರಿಳಿತವನ್ನು ಹಿಡಿದಿಡುವ ಔಷಧಿ. ಇವುಗಳಲ್ಲಿ ಹಳೆಯದೂ ಬಹಳ ನಂಬಿಕೆಗೆ ಪಾತ್ರವಾದದ್ದೂ ಲಿಥಿಯಂ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ಉನ್ಮಾದದ ರೋಗಿಗಳಿಗೆ ಇದನ್ನು ಕೊಟ್ಟು ಗುಣ ಕಂಡರು. ಪ್ರಕೃತಿಯಲ್ಲೇ ಸಿಗುವ ಒಂದು ಲವಣ ಇದು. ಏರಿಳಿತ ತಡೆಯುವುದರ ಜೊತೆಗೆ ಆತ್ಮಹತ್ಯೆಯ ಅಪಾಯವನ್ನೂ ಕಡಿಮೆ ಮಾಡುವುದು ಇದರ ಹಿರಿಮೆ.

ಲಿಥಿಯಂ ತೆಗೆದುಕೊಳ್ಳುವವರು ಕೆಲವು ಎಚ್ಚರಿಕೆ ವಹಿಸಬೇಕು. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ಪ್ರಯೋಜನವಿಲ್ಲ, ಹೆಚ್ಚಾದರೆ ವಿಷ. ಆದ್ದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್ ತಪಾಸಣೆಯೂ ಬೇಕು. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ನಡೆಯುವಾಗ ತೂರಾಡುವುದು, ಮಾತು ತೊದಲುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಬಾರದು. ಅವು ರಕ್ತದಲ್ಲಿ ಲಿಥಿಯಂ ಹೆಚ್ಚಿಸುತ್ತವೆ. ಇನ್ನೊಂದು ಔಷಧಿಯಾದ ವ್ಯಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಮದುವೆಯ ವಯಸ್ಸಿನ ಹೆಣ್ಣುಮಕ್ಕಳು, ಮಗುವಿನ ನಿರೀಕ್ಷೆಯಲ್ಲಿರುವವರು ಈ ಬಗ್ಗೆ ವೈದ್ಯರನ್ನು ಮುಂಚಿತವಾಗಿ ಕೇಳಲೇಬೇಕು.

ಬೈಪೋಲಾರ್‌ಗೆ ಬಹುತೇಕ ದೀರ್ಘಕಾಲದ ಚಿಕಿತ್ಸೆ ಬೇಕು. "ಈಗ ಚೆನ್ನಾಗಿದ್ದೇನಲ್ಲ" ಎಂದು ಮಾತ್ರೆ ಬಿಟ್ಟರೆ ಕಾಯಿಲೆ ಮರಳುತ್ತದೆ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗುವುದನ್ನು ನಾವು ಸಹಜವೆಂದು ಒಪ್ಪಿದ್ದೇವೆ. ಇದನ್ನೂ ಹಾಗೆಯೇ ಒಪ್ಪಬೇಕು.

ರಮಝಾನ್ ತಿಂಗಳಲ್ಲಿ

ನಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ, ಲಿಥಿಯಂ ಸೇವಿಸುವವರು ಉಪವಾಸ ಮಾಡಬಹುದೇ ಎಂಬುದು. ಹಗಲಿಡೀ ನೀರು ಕುಡಿಯದಿದ್ದರೆ, ಅದರಲ್ಲೂ ಬೇಸಿಗೆಯಲ್ಲಿ ಬೆವರು ಹೆಚ್ಚಾದರೆ, ರಕ್ತದಲ್ಲಿ ಲಿಥಿಯಂ ಪ್ರಮಾಣ ಏರುವ ಸಾಧ್ಯತೆ ಇದೆ. ಎರಡನೆಯ ವಿಚಾರ ನಿದ್ರೆಯದು. ತರಾವೀಹ್, ತಡರಾತ್ರಿಯ ಊಟ, ಸಹರಿಗೆ ಏಳುವುದು ಇವುಗಳಿಂದ ನಿದ್ರೆ ತುಂಡಾಗುತ್ತದೆ. ನಿದ್ರೆಗೆಡುವುದು ಉನ್ಮಾದಕ್ಕೆ ಆಹ್ವಾನ ಕೊಟ್ಟಂತೆ.

ಮೊರಾಕ್ಕೋದ ಕಾಸಾಬ್ಲಾಂಕಾದಲ್ಲಿ ಲಿಥಿಯಂ ಸೇವಿಸುತ್ತಿದ್ದ 20 ರೋಗಿಗಳನ್ನು ರಮಝಾನ್ ಕಾಲದಲ್ಲಿ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಕಾಯಿಲೆ ಮರುಕಳಿಸಿತ್ತು. ಪಾಕಿಸ್ತಾನದ ಪೇಶಾವರದಲ್ಲಿ 62 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಿಥಿಯಂ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಎರಡೂ ಸಣ್ಣ ಅಧ್ಯಯನಗಳು. ಆದ್ದರಿಂದ ಎಲ್ಲರಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ರಮಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು, ರಕ್ತಪರೀಕ್ಷೆ ಮಾಡಿಸಿ, ಮಾತ್ರೆಯ ಸಮಯ ಬದಲಿಸಬಹುದೇ ಎಂದು ಕೇಳಿ. ವೈದ್ಯರು ಬೇಡವೆಂದರೆ, ರೋಗಿಗೆ ಉಪವಾಸದಿಂದ ವಿನಾಯಿತಿ ಇದೆಯೆಂಬುದು ನಿಮಗೆಲ್ಲ ತಿಳಿದದ್ದೇ. ಜ್ವರ ಬಂದವನಿಗೆ ಆ ವಿನಾಯಿತಿ ಕೊಡುವ ನಾವು ಮನಸ್ಸಿನ ಕಾಯಿಲೆಯವನನ್ನು "ನೋಡಲು ಗಟ್ಟಿಮುಟ್ಟಾಗಿದ್ದಾನೆ, ಉಪವಾಸಕ್ಕೇನು ಕಷ್ಟ" ಎಂದು ಚುಚ್ಚಬಾರದು. ಉಪವಾಸಕ್ಕಾಗಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಂತೂ ಎಂದಿಗೂ ಕೂಡದು.

ದವಾ ಮತ್ತು ದುವಾ

ಕಾಯಿಲೆ ಬಂದಾಗ ಪ್ರಾರ್ಥನೆ ಮಾಡುವುದು ಮನುಷ್ಯ ಸಹಜ. ಅದರಿಂದ ಮನಸ್ಸಿಗೆ ಬಲ ಬರುತ್ತದೆ. ಆದರೆ ಔಷಧಿಯ ಜಾಗದಲ್ಲಿ ತಾಯಿತ, ಮಂತ್ರಿಸಿದ ನೀರು ಮಾತ್ರ ಇಟ್ಟುಕೊಂಡರೆ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಉನ್ಮಾದದ ಮಾತುಗಳನ್ನು ಜಿನ್ನ್ ಹಿಡಿದಿದೆ ಎಂದು ತಿಳಿದು ಹೊಡೆಯುವುದು, ಕಟ್ಟಿಹಾಕುವುದು ಇಂದಿಗೂ ಅಲ್ಲಲ್ಲಿ ನಡೆಯುತ್ತಿದೆ.

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಒಂದು ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ದರ್ಗಾಕ್ಕೆಂದು ಕರೆತಂದು ಅಲ್ಲಿ ಬಿಟ್ಟುಹೋಗಿದ್ದ ಮನೋರೋಗಿಗಳ ಕಾಲಿಗೆ ಸರಪಳಿ ಹಾಕಲಾಗಿತ್ತು. ಓಡಲಾಗದೆ 28 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಎಷ್ಟು ಜನ ಒಂದು ಮಾತ್ರೆಯಿಂದ ಗುಣಮುಖರಾಗಿ ಮನೆಯಲ್ಲಿರಬಹುದಿತ್ತೋ ಯೋಚಿಸಿ.

ಇದಕ್ಕೆ ಪ್ರತಿಯಾಗಿ ಒಂದು ಒಳ್ಳೆಯ ಮಾದರಿಯೂ ಇದೆ. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ "ದವಾ ಮತ್ತು ದುವಾ" ಎಂಬ ಕಾರ್ಯಕ್ರಮ ಶುರುವಾಯಿತು. ಅಲ್ಲಿನ ಮುಜಾವರರೇ ಬಂದವರನ್ನು ದರ್ಗಾದ ಆವರಣದಲ್ಲಿನ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದರು. ನಮ್ಮ ಊರುಗಳ ಮಸೀದಿ ಕಮಿಟಿಗಳು, ಸಂಘಗಳು ಈ ಮಾದರಿಯನ್ನು ಗಮನಿಸಬೇಕು. ಜನ ಮೊದಲು ಯಾರ ಬಳಿಗೆ ಹೋಗುತ್ತಾರೋ ಅವರು "ವೈದ್ಯರನ್ನೂ ಕಾಣಿ" ಎಂಬ ಒಂದು ಮಾತು ಹೇಳಿದರೆ ಅದಕ್ಕೆ ಬೆಲೆ ಹೆಚ್ಚು.

ಮದುವೆಯೇ ಮದ್ದೇ?

ಹಿರಿಯರಲ್ಲಿ ವಿನಂತಿಸಿಕೊಂಡು ಒಂದು ಮಾತು ಹೇಳುತ್ತೇನೆ. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ನಂಬಿಕೆ ಎಲ್ಲ ಸಮುದಾಯಗಳಲ್ಲೂ ಇದೆ. ಮದುವೆಯಿಂದ ಬೈಪೋಲಾರ್ ಗುಣವಾಗುವುದಿಲ್ಲ, ಖಿನ್ನತೆಯೂ ಗುಣವಾಗುವುದಿಲ್ಲ. ಮುಚ್ಚಿಟ್ಟು ಮದುವೆ ಮಾಡಿದರೆ ಗಂಡ ಅಥವಾ ಹೆಂಡತಿಗೆ ಗೊತ್ತಾಗಬಾರದೆಂದು ಮಾತ್ರೆ ನಿಲ್ಲಿಸುತ್ತಾರೆ. ಮದುವೆಯ ಗದ್ದಲದಲ್ಲಿ ನಿದ್ರೆ ಕೆಡುತ್ತದೆ. ಕೆಲವೇ ವಾರಗಳಲ್ಲಿ ಕಾಯಿಲೆ ಕೆರಳಿ ಎರಡು ಮನೆಗಳು ಕಣ್ಣೀರಿಡುತ್ತವೆ.

ಹಾಗೆಂದು ಈ ಕಾಯಿಲೆ ಇರುವವರು ಮದುವೆಯೇ ಆಗಬಾರದೆಂದಲ್ಲ. ಚಿಕಿತ್ಸೆಯಲ್ಲಿದ್ದು, ವಿಷಯವನ್ನು ಮೊದಲೇ ತಿಳಿಸಿ ಮದುವೆಯಾಗಿ ಸಂಸಾರ ಮಾಡುತ್ತಿರುವವರು ಅನೇಕರಿದ್ದಾರೆ. ಬೈಪೋಲಾರ್ ವಂಶಪಾರಂಪರ್ಯವಾಗಿ ಬರುವ ಸಾಧ್ಯತೆ ಇರುವುದು ನಿಜ. ಆದರೆ ತಂದೆ ಅಥವಾ ತಾಯಿ ಒಬ್ಬರಿಗೆ ಇದ್ದರೂ ಹೆಚ್ಚಿನ ಮಕ್ಕಳಿಗೆ ಅದು ಬರುವುದಿಲ್ಲ. ಹೆದರಿಕೆಯಿಂದ ಮುಚ್ಚಿಡುವುದಕ್ಕಿಂತ ತಿಳಿದು ನಡೆಯುವುದು ಲೇಸು.

ಮದುವೆಯ ಮಾರುಕಟ್ಟೆಯಲ್ಲಿ ಹೆಸರು ಕೆಡುತ್ತದೆಂಬ ಭಯದಿಂದ ಮನೆಯವರು ವೈದ್ಯರ ಮುಂದೆಯೂ ಉನ್ಮಾದದ ದಿನಗಳನ್ನು ಮುಚ್ಚಿಡುತ್ತಾರೆ. "ಚಿಕ್ಕಪ್ಪನಿಗೂ ಹೀಗೆ ಆಗಿತ್ತು" ಎಂಬುದನ್ನು ಹೇಳುವುದೇ ಇಲ್ಲ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಈ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಅದೇ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ನೀಡಬೇಕು, ಶಿಕ್ಷಿಸಬಾರದು ಎಂದೂ ಹೇಳಿದೆ.

ವಿದ್ಯಾರ್ಥಿ ಮಿತ್ರರಿಗೆ

ನಿಮ್ಮಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದರೆ ಅದನ್ನು ಸೋಮಾರಿತನವೆಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ನಂಬಿಕೆಯಿರುವ ಹಿರಿಯರೊಬ್ಬರಿಗೆ ಹೇಳಿ. ವೈದ್ಯರ ಬಳಿಗೆ ಹೋಗುವಾಗ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಂಡು ಹೋಗಿ: ಯಾವಾಗ ಶುರುವಾಯಿತು, ಹಿಂದೆ ಎಂದಾದರೂ ಇದಕ್ಕೆ ವಿರುದ್ಧವಾಗಿ, ನಿದ್ರೆಯೇ ಬೇಡವೆನಿಸುವಷ್ಟು ಉತ್ಸಾಹ ಅಥವಾ ಸಿಟ್ಟಿನ ದಿನಗಳಿದ್ದವೇ, ಮನೆತನದಲ್ಲಿ ಯಾರಿಗಾದರೂ ಇಂಥದ್ದು ಆಗಿತ್ತೇ, ಈಗ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ. ಜೊತೆಗೆ ನಿಮ್ಮನ್ನು ದಿನವೂ ನೋಡುವ ಒಬ್ಬರನ್ನು ಕರೆದೊಯ್ಯಿರಿ. ಗಾಂಜಾ ಮುಂತಾದ ಮಾದಕ ವಸ್ತುಗಳ ಅಭ್ಯಾಸವಿದ್ದರೆ ಅದನ್ನೂ ಹೇಳಿ; ಅವು ಎರಡು ಕಾಯಿಲೆಗಳನ್ನೂ ಕೆರಳಿಸುತ್ತವೆ.

ನಿಮ್ಮ ಗೆಳೆಯನೊಬ್ಬ ಬದುಕು ಬೇಡವೆಂದು ಹೇಳಿದರೆ ತಮಾಷೆಯೆಂದು ತಳ್ಳಿಹಾಕಬೇಡಿ. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ; ಒಳಗಿದ್ದದ್ದು ಹೊರಬಂದು ಹಗುರವಾಗುತ್ತದೆ. ಅವನನ್ನು ಒಂಟಿಯಾಗಿ ಬಿಡದೆ ಮನೆಯವರಿಗೆ ತಿಳಿಸಿ. ಈ ಒಂದು ವಿಷಯದಲ್ಲಿ ಗೆಳೆಯನ ಗುಟ್ಟು ಕಾಪಾಡುವ ಮಾತು ಕೊಡಬೇಡಿ.

ಸಹಾಯಕ್ಕೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭಿಸಿದೆ. ಅದರ ಸಂಖ್ಯೆ 14416. ಹಗಲು ರಾತ್ರಿ ಕರೆ ಮಾಡಬಹುದು; ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆ. ಇಡೀ ದೇಶಕ್ಕೆ ಮಾದರಿಯಾದ ಈ ಕಾರ್ಯಕ್ರಮದ ಮೊದಲ ಪ್ರಯೋಗ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಡೆದದ್ದೆಂಬುದು ಹೆಮ್ಮೆಯ ವಿಷಯ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಸರಳ ಕನ್ನಡದಲ್ಲಿ ಬರೆದ ಮನೋವಿಜ್ಞಾನದ ಪುಸ್ತಕಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ಸಂಘದ ವಾಚನಾಲಯದಲ್ಲೂ ಅವುಗಳನ್ನು ಇರಿಸಬೇಕೆಂದು ಕೋರುತ್ತೇನೆ.

ಕೊನೆಯದಾಗಿ ಸಂಘಕ್ಕೆ ಒಂದು ಸಲಹೆ. ಕಾಯಿಲೆಯಿಂದಾಗಿ ಒಂದು ವರ್ಷ ಪರೀಕ್ಷೆ ಬರೆಯಲಾಗದ ವಿದ್ಯಾರ್ಥಿಯ ವಿದ್ಯಾರ್ಥಿವೇತನವನ್ನು ರದ್ದು ಮಾಡದೆ, ವೈದ್ಯರ ಪತ್ರ ನೋಡಿ ಮುಂದಿನ ವರ್ಷಕ್ಕೆ ಕಾಯ್ದಿರಿಸಿ. ಕಾಲು ಮುರಿದ ಹುಡುಗನಿಗೆ ನೀವು ಹಾಗೆ ಮಾಡುತ್ತೀರಿ. ಚಿಕಿತ್ಸೆ ಪಡೆದು ಮರಳಿ ಬಂದವನಿಗೆ ತರಗತಿಯಲ್ಲಿ ತನ್ನ ಜಾಗ ಇನ್ನೂ ಇದೆಯೆಂದು ತಿಳಿದರೆ ಅವನ ಅರ್ಧ ಭಾರ ಇಳಿಯುತ್ತದೆ.